ಮೊದಲು ಪೌರತ್ವ, ಆಮೇಲೆ ಮುಹೂರ್ತ

ಅಮೆರಿಕದಲ್ಲಿ ನೆಲೆಸಿರುವ ಅಪ್ಪ-ಅಮ್ಮ ಊರಲ್ಲಿರುವ ಮಗನಿಗೋ ಮಗಳಿಗೋ ಗ್ರೀನ್ ಕಾರ್ಡ್ ಅರ್ಜಿ ಹಾಕುವಾಗ ಎಲ್ಲರ ತಲೆಬಿಸಿ ಫಾರಂ, ಶುಲ್ಕ, ವಕೀಲರ ಬಗ್ಗೆ. ಕಡತದ ಹಣೆಬರಹ ಇರುವುದು ಮಾತ್ರ ಎರಡು ದಿನಾಂಕಗಳಲ್ಲಿ: ಅರ್ಜಿ ಹಾಕಿದವರು ಅಮೆರಿಕದ ಪೌರರಾದ ದಿನ, ಮಕ್ಕಳ ಧಾರೆ ಮುಹೂರ್ತದ ದಿನ. ಇವೆರಡರಲ್ಲಿ ಯಾವುದು ಮೊದಲು ಬರುತ್ತದೆ ಎನ್ನುವುದರ ಮೇಲೆ ಹತ್ತು ವರ್ಷದ ಕಾಯುವಿಕೆ ನಿಂತಿರುತ್ತದೆ.

ಅಮೆರಿಕದ ಕಾನೂನಿನಲ್ಲಿ 21 ತುಂಬದ, ಮದುವೆಯಾಗದ ಮಕ್ಕಳು ಮಾತ್ರ ‘ಮಕ್ಕಳು’. ತಂದೆ ಅಥವಾ ತಾಯಿ ಪೌರರಾಗಿದ್ದರೆ ಅಂಥವರಿಗೆ ವಾರ್ಷಿಕ ಮಿತಿಯೇ ಇಲ್ಲ. 21 ದಾಟಿತೋ, ಮೂರು ಸಾಲುಗಳಲ್ಲಿ ಒಂದರಲ್ಲಿ ನಿಲ್ಲಬೇಕು. ಪೌರರ ಅವಿವಾಹಿತ ಮಗ-ಮಗಳಿಗೆ ಎಫ್1, ಗ್ರೀನ್ ಕಾರ್ಡ್ ಇರುವವರ ಅವಿವಾಹಿತ ಮಗ-ಮಗಳಿಗೆ ಎಫ್2ಬಿ, ಪೌರರ ಮದುವೆಯಾದ ಮಗ-ಮಗಳಿಗೆ ಎಫ್3. ಎಫ್1ಕ್ಕೂ ಎಫ್3ಕ್ಕೂ ವರ್ಷಕ್ಕೆ ತಲಾ 23,400 ವೀಸಾ, ಎಫ್2ಬಿಗೆ ಸುಮಾರು 26,000. ಇದು ಇಡೀ ಪ್ರಪಂಚಕ್ಕೆ. ವಿದ್ಯಾರ್ಥಿಗಳ ಎಫ್-1 ವೀಸಾ ಬೇರೆಯೇ ಸಂಗತಿ, ಹೆಸರು ನೋಡಿ ಮೋಸಹೋಗಬೇಡಿ.

ನಾಲ್ಕನೆಯ ಸಾಲೊಂದು ಇರಬೇಕಿತ್ತಲ್ಲ, ಗ್ರೀನ್ ಕಾರ್ಡ್‌ದಾರರ ಮದುವೆಯಾದ ಮಕ್ಕಳಿಗೆ? ಇಲ್ಲ. ಅಂಥ ವರ್ಗವೇ ಇಲ್ಲ. ಅನಾಹುತ ಹುಟ್ಟುವುದು ಈ ಖಾಲಿ ಜಾಗದಲ್ಲೇ.

ಕರ್ನಾಟಕದ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವ ಸರಣಿ ಇದು: ದೊಡ್ಡ ಮಗ ಸಾಫ್ಟ್‌ವೇರ್ ಕೆಲಸದ ಮೇಲೆ ಹೋಗಿ ಪೌರನಾಗುತ್ತಾನೆ, ಅಪ್ಪ-ಅಮ್ಮನನ್ನು ಕರೆಸಿಕೊಳ್ಳುತ್ತಾನೆ, ಅವರಿಗೆ ಗ್ರೀನ್ ಕಾರ್ಡ್ ಸಿಗುತ್ತದೆ, ಊರಲ್ಲಿ ಉಳಿದ ತಂಗಿಗೆ ಅವರು ಎಫ್2ಬಿ ಅರ್ಜಿ ಹಾಕುತ್ತಾರೆ. ಅಣ್ಣನೇ ನೇರವಾಗಿ ತಂಗಿಗೆ ಹಾಕಬಹುದಾದ ಎಫ್4 (ಪೌರರ ಒಡಹುಟ್ಟಿದವರ ಸಾಲು) ಅರ್ಜಿಗಿಂತ ಇದು ಬಹಳ ಚಿಕ್ಕ ದಾರಿ. ಯಾವ ದಿನಾಂಕದವರೆಗಿನ ಅರ್ಜಿಗಳ ಸರದಿ ಬಂದಿದೆ ಎಂದು ಅಮೆರಿಕ ಪ್ರತಿ ತಿಂಗಳು ಹೊರಡಿಸುವ ಪಟ್ಟಿಯೇ ವೀಸಾ ಬುಲೆಟಿನ್. 2025ರ ಅಕ್ಟೋಬರ್ ಬುಲೆಟಿನ್‌ನಲ್ಲಿ ಭಾರತದ ಎಫ್4 ಇನ್ನೂ 2006ರ ನವೆಂಬರ್‌ನಲ್ಲಿತ್ತು. ಅದೇ ತಿಂಗಳು ಎಫ್1 2016ರ ನವೆಂಬರ್, ಎಫ್2ಬಿ 2016ರ ಡಿಸೆಂಬರ್, ಎಫ್3 2011ರ ಸೆಪ್ಟೆಂಬರ್. ಅಂದರೆ ಅವಿವಾಹಿತರಿಗೆ ಒಂಬತ್ತು ವರ್ಷ, ವಿವಾಹಿತರಿಗೆ ಹದಿನಾಲ್ಕು.

ತಂಗಿಗೆ ಈಗ 26. ಒಂಬತ್ತು ವರ್ಷ ಮದುವೆ ಮುಂದೂಡಲು ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಒಳ್ಳೆಯ ಸಂಬಂಧ ಬಂತು, ಧಾರೆ ಎರೆದಾಯಿತು. ಅಪ್ಪ-ಅಮ್ಮ ಆ ಹೊತ್ತಿಗೆ ಇನ್ನೂ ಗ್ರೀನ್ ಕಾರ್ಡ್‌ನಲ್ಲೇ ಇದ್ದರೆ ಎಫ್2ಬಿ ಅರ್ಜಿ ತಾಳಿ ಕಟ್ಟಿದ ಕ್ಷಣಕ್ಕೆ ತಾನಾಗಿಯೇ ರದ್ದು. ಮುಂದೆ ಅವರು ಪೌರರಾದರೂ ಅದು ಜೀವ ಪಡೆಯುವುದಿಲ್ಲ, ವಿಚ್ಛೇದನವಾದರೂ ಪಡೆಯುವುದಿಲ್ಲ. ಹೊಸ ಅರ್ಜಿ, ಹೊಸ ದಿನಾಂಕ, ಸೊನ್ನೆಯಿಂದ ಶುರು. ಅದೇ ಅಪ್ಪನೋ ಅಮ್ಮನೋ, ಅಂದರೆ ಯಾರ ಹೆಸರಿನಲ್ಲಿ ಅರ್ಜಿ ಇದೆಯೋ ಅವರು, ಮದುವೆಗೆ ಮೊದಲೇ ಪೌರತ್ವದ ಪ್ರಮಾಣ ಸ್ವೀಕರಿಸಿದ್ದರೆ ಎಫ್2ಬಿ ಎಫ್1 ಆಗುತ್ತದೆ, ಮದುವೆಯ ನಂತರ ಎಫ್1 ಎಫ್3 ಆಗುತ್ತದೆ, ಮೊದಲ ಅರ್ಜಿಯ ದಿನಾಂಕ ಹಾಗೇ ಉಳಿಯುತ್ತದೆ. ಒಂದು ವಾರ ಹಿಂದೆಮುಂದೆಯಾದರೂ ಫಲ ಇಷ್ಟು ಬೇರೆ.

ಪೌರತ್ವಕ್ಕೆ ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ಆಗಿರಬೇಕು, ಅದರಲ್ಲಿ ಕನಿಷ್ಠ 30 ತಿಂಗಳು ಅಮೆರಿಕದ ನೆಲದಲ್ಲೇ ಇದ್ದಿರಬೇಕು. ಚಳಿಗಾಲಕ್ಕೆ ಮೈಸೂರು, ಬೇಸಿಗೆಗೆ ಡಲ್ಲಾಸ್ ಅಂತ ಓಡಾಡುವ ಹಿರಿಯರ ಲೆಕ್ಕ ತಪ್ಪುವುದು ಇಲ್ಲಿ. ಇಂಗ್ಲಿಷ್ ಪರೀಕ್ಷೆ ಇನ್ನೊಂದು ಗೋಡೆ. ವಯಸ್ಸಿನ ಮೇಲೆ ಸಿಗುವ ವಿನಾಯಿತಿಗೆ 50 ದಾಟಿ 20 ವರ್ಷ, ಇಲ್ಲವೇ 55 ದಾಟಿ 15 ವರ್ಷ ಗ್ರೀನ್ ಕಾರ್ಡ್ ಇಟ್ಟುಕೊಂಡಿರಬೇಕು. ನಿವೃತ್ತಿಯ ನಂತರ ಹೋದವರಿಗೆ ಅದು ಬೇಗ ದಕ್ಕುವುದಿಲ್ಲ. ಆದ್ದರಿಂದ ಅಪ್ಪ-ಅಮ್ಮರಲ್ಲಿ ಇಂಗ್ಲಿಷ್ ಓದಿ ಬರೆಯಬಲ್ಲವರು ಯಾರು ಎಂದು ನೋಡಿ ಅವರ ಹೆಸರಿನಲ್ಲೇ ಅರ್ಜಿ ಹಾಕುವುದು ಜಾಣತನ. ಇಬ್ಬರೂ ಹಾಕಿದರೆ ಇನ್ನೂ ಒಳ್ಳೆಯದು. ಒಂದೇ ಮಗಳಿಗೆ ಎರಡು ಅರ್ಜಿ ಕಾನೂನುಬದ್ಧ. ಅರ್ಜಿದಾರರು ತೀರಿಕೊಂಡರೆ ಅರ್ಜಿಯೂ ರದ್ದಾಗುತ್ತದೆ. ಮಂಜೂರಾಗಿದ್ದ ಅರ್ಜಿಯನ್ನು ಮಾನವೀಯ ನೆಲೆಯಲ್ಲಿ ಪುನಃಸ್ಥಾಪಿಸಿ ಎಂದು ಕೇಳಬಹುದು, ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. ಒಂದು ಶುಲ್ಕ ಹೆಚ್ಚು ಕಟ್ಟಿ ಎರಡನೆಯ ಅರ್ಜಿ ಇಟ್ಟುಕೊಂಡರೆ ಆ ಬೇಡಿಕೊಳ್ಳುವಿಕೆ ಬೇಕಾಗುವುದಿಲ್ಲ.

ಇನ್ನು ಮದುವೆಯ ಬಗ್ಗೆ ಊರೆಲ್ಲ ಹರಿದಾಡುವ ಒಂದು ಸಲಹೆ: ‘ಛತ್ರದಲ್ಲಿ ಮದುವೆ ಮಾಡಿ, ರಿಜಿಸ್ಟರ್ ಮಾತ್ರ ಮಾಡಿಸಬೇಡಿ, ಯಾರಿಗೆ ಗೊತ್ತಾಗುತ್ತೆ?’ ಇದರಷ್ಟು ಕೆಟ್ಟ ಸಲಹೆ ಬೇರೊಂದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಶಾಸ್ತ್ರೋಕ್ತವಾಗಿ ನಡೆದ ಮದುವೆ ನೋಂದಣಿ ಇಲ್ಲದಿದ್ದರೂ ಮದುವೆಯೇ. ಅಮೆರಿಕ ನೋಡುವುದು ಮದುವೆ ನಡೆದ ಊರಿನ ಕಾನೂನನ್ನು. ಅವಿವಾಹಿತೆ ಎಂದು ಬರೆದು ವೀಸಾ ಪಡೆದರೆ ಅದು ಸುಳ್ಳು ಹೇಳಿಕೆ, ಅದಕ್ಕೆ ಶಾಶ್ವತ ನಿಷೇಧ. ಹೋಗಿ ನೆಲೆಸಿದ ಮೇಲೆ ಪೌರತ್ವದ ಹಂತದಲ್ಲಿ ಗಂಡನ ಹೆಸರು ಬಂದಾಗಲೂ ಹಳೆಯ ಮದುವೆ ಫೋಟೊ ಎದ್ದು ಕೂರಬಹುದು. ಬರೀ ನಿಶ್ಚಿತಾರ್ಥವಾದರೆ ತೊಂದರೆಯಿಲ್ಲ.

ಅರ್ಜಿಯ ಹೆಸರು ಐ-130. 2024ರ ಏಪ್ರಿಲ್ 1ರಿಂದ ಶುಲ್ಕ ಆನ್‌ಲೈನ್‌ನಲ್ಲಿ 625 ಡಾಲರ್, ಕಾಗದದಲ್ಲಿ 675. ಕಟ್ಟುವ ಮುನ್ನ ಆ ದಿನದ ದರ ನೋಡಿಕೊಳ್ಳಿ. ವಯಸ್ಕ ಮಕ್ಕಳಿಗೆ ತಲಾ ಒಂದು ಅರ್ಜಿ. ಅಳಿಯ-ಸೊಸೆ, 21ರೊಳಗಿನ ಮೊಮ್ಮಕ್ಕಳಿಗೆ ಪ್ರತ್ಯೇಕ ಬೇಡ, ಎಫ್3ರಲ್ಲಿ ಅವರು ಜೊತೆಗೇ ಬರುತ್ತಾರೆ. ಅಮೆರಿಕದ ವಲಸೆ ಇಲಾಖೆಗೆ ಅರ್ಜಿ ತಲುಪಿದ ದಿನವೇ ನಿಮ್ಮ ಸರದಿಯ ದಿನಾಂಕ, ಅದು ಐ-797 ರಸೀದಿಯಲ್ಲಿ ಅಚ್ಚಾಗಿರುತ್ತದೆ. ಮಂಜೂರಾತಿ ತಡವಾದರೆ ಗಾಬರಿಯಾಗಬೇಡಿ, ಸರದಿ ಅದಕ್ಕೆ ಕಾಯುವುದಿಲ್ಲ. ಫಾರಂನಲ್ಲಿ ಒಂದು ಚೆಂದದ ಕಾಲಂ ಇದೆ: ಫಲಾನುಭವಿಯ ಭಾಷೆ ರೋಮನ್ ಲಿಪಿಯದಲ್ಲದಿದ್ದರೆ ಹೆಸರು, ವಿಳಾಸವನ್ನು ಆ ಲಿಪಿಯಲ್ಲೇ ಬರೆಯಬೇಕು. ಅಲ್ಲಿ ಕನ್ನಡದಲ್ಲೇ ಬರೆಯಿರಿ, ಜನನ ಪ್ರಮಾಣಪತ್ರದಲ್ಲಿ ಇರುವ ಹಾಗೆ.

ತಾಯಿ ಅರ್ಜಿ ಹಾಕಿದರೆ ಆಕೆಯ ಹೆಸರಿರುವ ಜನನ ಪ್ರಮಾಣಪತ್ರ ಸಾಕು. ತಂದೆ ಹಾಕಿದರೆ ತಂದೆ-ತಾಯಿಯ ವಿವಾಹದ ಪುರಾವೆಯೂ ಬೇಕು. 1980ರ ಆಸುಪಾಸಿನ ಮದುವೆಗಳಲ್ಲಿ ನೋಂದಣಿ ಅಪರೂಪ, ಈಗ ಹೋಗಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಬೇಕಾಗುತ್ತದೆ. ತಾಯಿಯ ಹೆಸರಲ್ಲಿ ಹಾಕುವುದಕ್ಕೆ ಇದೂ ಒಂದು ಕಾರಣ.

ಜನನ ಪ್ರಮಾಣಪತ್ರ ನಮ್ಮವರ ದೊಡ್ಡ ತಲೆನೋವು. ಹಳೆಯ ದಾಖಲೆಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ, ಬರೀ ‘ಹೆಣ್ಣು’ ಎಂದಿರುತ್ತದೆ. ನೋಂದಣಿ ಮಾಡಿದ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯಲ್ಲಿ ಹೆಸರು ಸೇರಿಸಿ ಹೊಸ ಪ್ರತಿ ತೆಗೆಸಿ. ನೋಂದಣಿಯೇ ಆಗಿಲ್ಲವೆಂದರೆ ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ, ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಶಾಲೆಯ ಟಿಸಿ, ಹುಟ್ಟು ಗೊತ್ತಿರುವ ಹಿರಿಯರ ಅಫಿಡವಿಟ್. ಮೂವತ್ತು ವರ್ಷದ ಮೇಲೆ ತಡವಾಗಿ ಮಾಡಿಸಿದ ನೋಂದಣಿಯನ್ನು ಒಂಟಿಯಾಗಿ ಕೊಟ್ಟರೆ ಅನುಮಾನ ಬರುತ್ತದೆ, ಶಾಲೆಯ ಹಳೆಯ ದಾಖಲೆಯನ್ನು ಅದರ ಜೊತೆಗೇ ಇಡಿ. ಕನ್ನಡದಲ್ಲಿರುವ ಪ್ರತಿಯೊಂದಕ್ಕೂ ಇಂಗ್ಲಿಷ್ ಅನುವಾದ, ಅದರ ಕೆಳಗೆ ‘ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಾಗಿದೆ’ ಎಂದು ಅನುವಾದಕರ ಸಹಿ.

ಇನಿಷಿಯಲ್ ಇನ್ನೊಂದು ಕಥೆ. ಜನನ ದಾಖಲೆಯಲ್ಲಿ ತಂದೆ ‘ಎಚ್.ಕೆ. ನಾಗರಾಜ’, ಅಮೆರಿಕದ ಪೌರತ್ವ ಪತ್ರದಲ್ಲಿ ‘ನಾಗರಾಜ್ ಕೃಷ್ಣಪ್ಪ’, ಮಗಳ ಪಾಸ್‌ಪೋರ್ಟಿನಲ್ಲಿ ‘ಹಾಸನ ಕೃಷ್ಣಪ್ಪ ನಾಗರಾಜ್’. ನಮಗೆ ನೋಡಿದೊಡನೆ ಗೊತ್ತಾಗುತ್ತದೆ: ‘ಎಚ್’ ಊರು, ‘ಕೆ’ ಅಪ್ಪನ ಹೆಸರು. ಕಡತ ನೋಡುವ ಅಧಿಕಾರಿಗೆ ಇವರು ಮೂರು ಜನ. ಇನಿಷಿಯಲ್ ಬಿಡಿಸಿ ಬರೆದು ಮೂವರೂ ಒಬ್ಬರೇ ಎಂದು ಹೇಳುವ ಅಫಿಡವಿಟ್ಟನ್ನು ಮೊದಲ ದಿನವೇ ಲಗತ್ತಿಸಿ, ಐ-130ರ ‘ಬಳಸಿದ ಇತರ ಹೆಸರುಗಳು’ ಕಾಲಂನಲ್ಲಿ ಎಲ್ಲ ರೂಪಗಳನ್ನೂ ತುಂಬಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿಯಿದ್ದರೆ ವೀಸಾದಲ್ಲಿ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ, ಆಮೇಲೆ ಬ್ಯಾಂಕಿನಿಂದ ಡ್ರೈವಿಂಗ್ ಲೈಸೆನ್ಸಿನವರೆಗೆ ಅದೇ ನಿಮ್ಮ ಹೆಸರು. ಒಂಬತ್ತು ವರ್ಷ ಸಮಯವಿದೆ, ಪಾಸ್‌ಪೋರ್ಟ್ ಈಗಲೇ ಸರಿಮಾಡಿಸಿಕೊಳ್ಳಿ.

ಕಾಯುವಾಗ ಪ್ರವಾಸಿ ವೀಸಾ ಕಷ್ಟವಾಗುತ್ತದೆ. ಆ ವೀಸಾದ ಅರ್ಜಿಯಾದ ಡಿಎಸ್-160 ಫಾರಂ ‘ನಿಮ್ಮ ಪರವಾಗಿ ವಲಸೆ ಅರ್ಜಿ ಹಾಕಿದ್ದಾರೆಯೇ’ ಎಂದು ನೇರವಾಗಿ ಕೇಳುತ್ತದೆ, ಹೌದು ಎಂದೇ ಬರೆಯಬೇಕು. ವಿದ್ಯಾರ್ಥಿ ವೀಸಾಕ್ಕೂ ಇದೇ ತೊಡಕು. ಕೆಲಸದ ಮೇಲೆ ಹೋಗುವವರ ಎಚ್-1ಬಿ, ಎಲ್-1 ವೀಸಾಕ್ಕೆ ಇಲ್ಲ. ಅಕ್ಕನ ಬಾಣಂತನಕ್ಕೆ ಹೋಗಿಬರುವ ಯೋಚನೆಯಿದ್ದರೆ ಪ್ರವಾಸಿ ವೀಸಾ ಮೊದಲು ಮಾಡಿಸಿಕೊಂಡು ಆಮೇಲೆ ಐ-130 ಹಾಕಿಸುವವರಿದ್ದಾರೆ.

ಸರದಿ ಹತ್ತಿರವಾದಾಗ ಮಂಜೂರಾದ ಅರ್ಜಿಗಳನ್ನು ಸಂದರ್ಶನದವರೆಗೆ ನೋಡಿಕೊಳ್ಳುವ ಅಮೆರಿಕದ ನ್ಯಾಷನಲ್ ವೀಸಾ ಸೆಂಟರ್ ಇಮೇಲ್ ಕಳಿಸುತ್ತದೆ, ಹತ್ತು ವರ್ಷದ ಹಿಂದೆ ಕೊಟ್ಟ ವಿಳಾಸಕ್ಕೆ. ಆಗ ಕೊಟ್ಟಿದ್ದು ಹಳೆಯ ಕಂಪನಿಯ ಮೇಲ್ ಆಗಿದ್ದರೆ ಸುದ್ದಿ ತಲುಪುವುದೇ ಇಲ್ಲ, ಸೂಚನೆ ಬಂದು ಒಂದು ವರ್ಷ ಏನೂ ಮಾಡದಿದ್ದರೆ ಕಡತ ಮುಚ್ಚುತ್ತಾರೆ. ಸಂದರ್ಶನ ನಡೆಯುವ ಮುಂಬೈನ ಕಡತಗಳ ಸಂಖ್ಯೆ ‘ಬಿಎಂಬಿ’ಯಿಂದ ಶುರುವಾಗುತ್ತದೆ, ಅದನ್ನು ಮನೆಯವರೆಲ್ಲ ಬರೆದಿಟ್ಟುಕೊಳ್ಳಿ. ಇಲ್ಲಿಂದ ಖರ್ಚು: ತಲಾ 325 ಡಾಲರ್ ವೀಸಾ ಶುಲ್ಕ, ಕಡತಕ್ಕೆ 120 ಡಾಲರ್ ಐ-864 ಪರಿಶೀಲನಾ ಶುಲ್ಕ. ಪ್ರತಿಯೊಬ್ಬರಿಗೂ ಒಂದು ಡಿಎಸ್-260, ಅಂದರೆ ವಲಸೆ ವೀಸಾದ ಅರ್ಜಿ. 16 ದಾಟಿದವರಿಗೆ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪೊಲೀಸ್ ಕ್ಲಿಯರೆನ್ಸ್. ದುಬೈಯಲ್ಲೋ ಸಿಂಗಪುರದಲ್ಲೋ ಒಂದು ವರ್ಷಕ್ಕಿಂತ ಹೆಚ್ಚು ಇದ್ದಿದ್ದರೆ ಅಲ್ಲಿಯದೂ ಬೇಕು.

ಐ-864 ಎಂದರೆ ಜವಾಬ್ದಾರಿ ಪತ್ರ. ಅರ್ಜಿದಾರರ ಆದಾಯ ಅಮೆರಿಕದ ಬಡತನ ಮಾನದಂಡದ 125 ಶೇಕಡಾ ಮುಟ್ಟಬೇಕು, ಬರುವವರನ್ನೂ ಮನೆಮಂದಿಯಲ್ಲಿ ಎಣಿಸಿ. ನಿವೃತ್ತ ಅಪ್ಪನಿಗೆ ಅಷ್ಟಿಲ್ಲದಿದ್ದರೆ ಅಣ್ಣ ಜಂಟಿ ಪ್ರಾಯೋಜಕನಾಗಬಹುದು, ಆದರೂ ಅಪ್ಪ ತನ್ನ ಐ-864 ತುಂಬಲೇಬೇಕು. ಮತ್ತು ಅಪ್ಪ ಅಮೆರಿಕದ ವಾಸಿಯಾಗಿರಬೇಕು. ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯರ) ಕಾರ್ಡ್ ಮಾಡಿಸಿಕೊಂಡು ಊರಿಗೆ ಮರಳಿದವರು ಮಗಳ ಜೊತೆಗಾದರೂ ವಾಪಸು ಹೋಗಿ ನೆಲೆಸುವುದನ್ನು ದಾಖಲೆಯಲ್ಲಿ ತೋರಿಸಬೇಕು. ಇನ್ನೂ ಗ್ರೀನ್ ಕಾರ್ಡ್‌ನಲ್ಲೇ ಇದ್ದು ಮರಳಿದವರು ಆ ಕಾರ್ಡನ್ನೇ ಕಳೆದುಕೊಳ್ಳುತ್ತಾರೆ, ಅದರ ಹಿಂದೆ ಮಗಳ ಅರ್ಜಿಯೂ ಹೋಗುತ್ತದೆ.

ಎಫ್3ರಲ್ಲಿ ಮೊಮ್ಮಕ್ಕಳ ವಯಸ್ಸಿನ ಲೆಕ್ಕ ಬೇರೆ ಇದೆ. ಬುಲೆಟಿನ್‌ನ ಅಂತಿಮ ಪಟ್ಟಿಯಲ್ಲಿ ಸರದಿ ಬಂದ ದಿನದ ವಯಸ್ಸಿನಿಂದ ಐ-130 ಇತ್ಯರ್ಥವಾಗದೆ ಬಾಕಿಯಿದ್ದ ಅವಧಿ ಕಳೆಯಿರಿ. ಉಳಿದದ್ದು 21ಕ್ಕಿಂತ ಕಡಿಮೆಯಿರಬೇಕು, ವರ್ಷದೊಳಗೆ ವೀಸಾಗೆ ಅರ್ಜಿಯೂ ಹೋಗಿರಬೇಕು. ಅರ್ಜಿ ಹಾಕುವಾಗ ಮಗುವಿಗೆ 9, ಸರದಿ ಬರುವಾಗ 23, ಮಂಜೂರಾತಿಗೆ ಹಿಡಿದದ್ದು ಒಂದೂವರೆ ವರ್ಷ: 21 ವರ್ಷ 6 ತಿಂಗಳು, ಮಗು ಹೊರಗೆ. ಮೂರು ವರ್ಷ ಹಿಡಿದಿದ್ದರೆ 20, ಒಳಗೆ. ಇಲಾಖೆಯ ವಿಳಂಬಕ್ಕೆ ಕೈಮುಗಿಯಬೇಕಾದ ಏಕೈಕ ಜಾಗ ಇದು.

ಸಂದರ್ಶನ ಮುಂಬೈನ ಕಾನ್ಸುಲೇಟಿನಲ್ಲಿ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆಯಾದರೂ ವೀಸಾ ಸೇವೆಯೊಂದಿಗೆ ಆಗಿರಲಿಲ್ಲ. ವೈದ್ಯಕೀಯ ತಪಾಸಣೆ ಅವರೇ ಗೊತ್ತುಮಾಡಿದ ವೈದ್ಯರಲ್ಲಿ. ಎಕ್ಸ್‌ರೇಯಲ್ಲಿ ಹಳೆಯ ಟಿಬಿಯ ಕಲೆ ಕಂಡರೂ ಕಫ ಪರೀಕ್ಷೆಗೆ ಸುಮಾರು ಎಂಟು ವಾರ ಹಿಡಿಯುತ್ತದೆ, ಹಿಂದಿನ ದಿನ ಹೋದರೆ ಆಗದು. ವೀಸಾ ಕೈಗೆ ಬಂದ ಮೇಲೆ ಪ್ರಯಾಣಕ್ಕೆ ಮುನ್ನ ತಲಾ 235 ಡಾಲರ್ ಕಟ್ಟಿದರೆ ಕಾರ್ಡು ಅಂಚೆಯಲ್ಲಿ ಮನೆಗೆ.

ಎಫ್1, ಎಫ್2ಬಿಯವರಿಗೆ ವೀಸಾ ಅಂಟಿಸಿದ ಮೇಲೂ ಮುಹೂರ್ತದ ಕಟ್ಟು ಸಡಿಲವಾಗುವುದಿಲ್ಲ. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಮುದ್ರೆ ಬೀಳುವವರೆಗೆ ಅವಿವಾಹಿತರಾಗಿಯೇ ಇರಬೇಕು. ‘ವೀಸಾ ಬಂತಲ್ಲ’ ಎಂದು ಹೊರಡುವ ಮುಂಚಿನ ವಾರ ಮದುವೆಯಾದರೆ ಆ ವೀಸಾ ನಡೆಯುವುದಿಲ್ಲ. ಹೋಗಿ, ಒಳಗೆ ಕಾಲಿಟ್ಟು, ಕಾರ್ಡು ಬಂದ ಮೇಲೆ ಊರಿಗೆ ಬಂದು ಮದುವೆಯಾಗಿ, ಸಂಗಾತಿಗೆ ಎಫ್2ಎ (ಗ್ರೀನ್ ಕಾರ್ಡ್ ಇರುವವರ ಗಂಡ-ಹೆಂಡತಿಯ ಸಾಲು) ಅರ್ಜಿ ಹಾಕಬಹುದು. 2025ರ ಅಕ್ಟೋಬರ್‌ನಲ್ಲಿ ಆ ಸಾಲು 2024ರ ಫೆಬ್ರವರಿಯಲ್ಲಿತ್ತು, ಅಂದರೆ ಎರಡು ವರ್ಷದ ಆಸುಪಾಸು. ಎಫ್3ರ ಹೆಚ್ಚುವರಿ ಐದು ವರ್ಷಕ್ಕೆ ಹೋಲಿಸಿದರೆ ಇದು ಕಡಿಮೆ. ಆ ಅವಧಿಯಲ್ಲಿ ಸಂಗಾತಿಯ ಜೊತೆಗಿರಲು ಊರಲ್ಲೇ ಉಳಿಯುವ ಆಸೆಯಾಗುತ್ತದೆ. ಒಂದು ವರ್ಷ ಮೀರುವುದಾದರೆ ಹೊರಡುವ ಮೊದಲೇ ಅಮೆರಿಕದಲ್ಲಿದ್ದುಕೊಂಡು ಐ-131 ಫಾರಂನಲ್ಲಿ ಮರುಪ್ರವೇಶ ಪರವಾನಗಿಗೆ ಅರ್ಜಿ ಹಾಕಿರಬೇಕು.