ಚೋಸೇ ಗಣಿಯ ಮೂಳೆಗಳು

ಆಗಸ್ಟ್ 15 ನಮ್ಮ ಸ್ವಾತಂತ್ರ್ಯ ದಿನವಾಗಿರುವಂತೆ ಕೊರಿಯನ್ನರಿಗೂ ಬಿಡುಗಡೆಯ ದಿನ. 1910ರಿಂದ ಅವರನ್ನು ಆಳಿದ ಜಪಾನ್ 1945ರಲ್ಲಿ ಅಂದೇ ಸೋಲೊಪ್ಪಿತು. ಜಪಾನಿನಲ್ಲಿ ಅದು ಯುದ್ಧದಲ್ಲಿ ಮಡಿದ ತಮ್ಮವರನ್ನು ನೆನೆಯುವ ದಿನ. ರಾಜಕಾರಣಿಗಳು ಯುದ್ಧದಲ್ಲಿ ಸತ್ತವರನ್ನು ಹೆಸರು ಸೇರಿಸಿ ಪೂಜಿಸುವ ಟೋಕಿಯೋದ ಯಾಸುಕುನಿ ದೇಗುಲಕ್ಕೆ ಹೋಗಿ ನಮಿಸುತ್ತಾರೆ, ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ಮತ್ತು ಬೀಜಿಂಗ್‌ಗಳಿಂದ ಆಕ್ಷೇಪ ಬರುತ್ತದೆ. 1978ರಲ್ಲಿ ಸದ್ದಿಲ್ಲದೆ ಅಲ್ಲಿ ಸೇರಿಸಲಾದ 14 ಮಂದಿ ಪ್ರಮುಖ ಯುದ್ಧಾಪರಾಧಿಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಜಪಾನಿನ ಸೇನೆಗಾಗಿ ದುಡಿದು ಸತ್ತ ಸುಮಾರು 21,000 ಕೊರಿಯನ್ನರನ್ನೂ ಮನೆಯವರನ್ನು ಕೇಳದೆಯೇ ಅದೇ ದೇಗುಲದ ಪಟ್ಟಿಗೆ ಸೇರಿಸಿರುವುದು, ಹೆಸರು ತೆಗೆಯಿರಿ ಎಂದು ಕುಟುಂಬಗಳು ಜಪಾನಿನ ನ್ಯಾಯಾಲಯಗಳಿಗೆ ಹೋಗಿ ಸೋತಿರುವುದು ಹೆಚ್ಚು ಜನರಿಗೆ ಗೊತ್ತಿಲ್ಲ. ಯುದ್ಧದ ನಂತರ ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೋ ವಿಚಾರಣೆಯಲ್ಲಿ ಭಿನ್ನ ತೀರ್ಪು ಕೊಟ್ಟ ನಮ್ಮ ನ್ಯಾಯಾಧೀಶ ರಾಧಾಬಿನೋದ್ ಪಾಲ್ ಅವರ ಸ್ಮಾರಕವೂ ಅಲ್ಲಿದೆ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ಜಪಾನಿ ಸೇನೆಯ ಕ್ರೌರ್ಯಗಳು ನಡೆದವೆಂಬುದನ್ನು ಪಾಲ್ ಅವರೂ ಅಲ್ಲಗಳೆದಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಜಪಾನ್ ಮತ್ತು ಕೊರಿಯಾಗಳ ಈ ಜಗಳವನ್ನು ಓದುತ್ತಾ ಹೋದಷ್ಟೂ ನನ್ನನ್ನು ಕಾಡುವುದು ಒಂದೇ ಸಂಗತಿ: ನೋವು ಉಂಡವರನ್ನು ಹೊರಗೆ ನಿಲ್ಲಿಸಿ ಸರ್ಕಾರಗಳು ರಾಜಿ ಮಾಡಿಕೊಂಡವು. ಇದಕ್ಕೆ ಎದುರಾಗಿ ನಿಲ್ಲುವುದು ಜಪಾನಿನ ಚೋಸೇ ಗಣಿಯಲ್ಲಿ ಸತ್ತವರ ಮೂಳೆಗಳನ್ನು ಹುಡುಕಿದ ಜನಸಾಮಾನ್ಯರ ಕೆಲಸ. ಅದಕ್ಕೆ ಆಮೇಲೆ ಬರುತ್ತೇನೆ. 1965ರ ಒಪ್ಪಂದದಲ್ಲಿ ಜಪಾನ್ 30 ಕೋಟಿ ಡಾಲರ್ ಅನುದಾನ ಮತ್ತು 20 ಕೋಟಿ ಡಾಲರ್ ಸಾಲ ಕೊಟ್ಟು, ಎಲ್ಲ ಹಕ್ಕುಬಾಧ್ಯತೆಗಳೂ ಶಾಶ್ವತವಾಗಿ ಇತ್ಯರ್ಥವಾದವು ಎಂದು ಬರೆಸಿಕೊಂಡಿತು. ದಕ್ಷಿಣ ಕೊರಿಯಾದ ಸರ್ಕಾರ ಆ ಹಣದ ಬಹುಪಾಲನ್ನು ಉಕ್ಕಿನ ಕಾರ್ಖಾನೆಯಂಥ ಯೋಜನೆಗಳಿಗೆ ತೊಡಗಿಸಿತು. ಮಡಿದವರ ಮನೆಗಳಿಗೆ ತಲುಪಿದ್ದು ಅಲ್ಪ. ಈ ತಪ್ಪಿನಲ್ಲಿ ಸೋಲ್‌ನ ಪಾಲೂ ಇದೆ ಎಂಬುದನ್ನು ಮುಚ್ಚಿಡಬಾರದು.

ಜಪಾನಿ ಸೇನೆಯ ಲೈಂಗಿಕ ಗುಲಾಮಗಿರಿಗೆ ದೂಡಲ್ಪಟ್ಟ ಹೆಣ್ಣುಮಕ್ಕಳ ವಿಷಯವಂತೂ 1965ರ ಮಾತುಕತೆಯಲ್ಲಿ ಚರ್ಚೆಗೇ ಬರಲಿಲ್ಲ. 1991ರ ಆಗಸ್ಟ್ 14ರಂದು ಕಿಮ್ ಹಾಕ್-ಸೂನ್ ಎಂಬ ವೃದ್ಧೆ ತನ್ನ ಹೆಸರು ಹೇಳಿ, ಮುಖ ತೋರಿಸಿ ಎಲ್ಲರೆದುರು ಮಾತನಾಡಿದ ಮೇಲೆಯೇ ಆ ಮೌನ ಮುರಿದದ್ದು. 1992ರ ಜನವರಿಯಿಂದ ಸೋಲ್‌ನ ಜಪಾನಿ ರಾಯಭಾರ ಕಚೇರಿಯ ಮುಂದೆ ಬುಧವಾರದ ಪ್ರತಿಭಟನೆ ಶುರುವಾಯಿತು. 2011ರಲ್ಲಿ ಅಲ್ಲಿ ಕೂರಿಸಿದ ಹುಡುಗಿಯ ಕಂಚಿನ ಪ್ರತಿಮೆಯ ಬರಿಗಾಲಿನ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಪಕ್ಕದ ಕುರ್ಚಿ ಖಾಲಿ. ಈ ಪ್ರತಿಮೆಯನ್ನು ಸ್ಥಳಾಂತರಿಸಬೇಕೆಂಬುದು ಜಪಾನಿನ ಒತ್ತಾಯ. 2015ರ ಡಿಸೆಂಬರ್‌ನಲ್ಲಿ 100 ಕೋಟಿ ಯೆನ್‌ಗಳ ಇನ್ನೊಂದು ರಾಜಿಯಾದಾಗಲೂ, ನಮ್ಮನ್ನು ಕೇಳದೆ ಹೇಗೆ ಮುಗಿಸಿದಿರಿ ಎಂದು ಬದುಕುಳಿದ ಅಜ್ಜಿಯರಲ್ಲಿ ಹಲವರು ಪ್ರಶ್ನಿಸಿದರು.

2018ರಲ್ಲಿ ಕೊರಿಯಾದ ಸರ್ವೋಚ್ಚ ನ್ಯಾಯಾಲಯ ಯುದ್ಧಕಾಲದಲ್ಲಿ ಕೊರಿಯನ್ನರಿಂದ ಮಾಡಿಸಿಕೊಂಡ ಬಲವಂತದ ದುಡಿಮೆಗೆ ಪರಿಹಾರ ಕೊಡುವಂತೆ ಜಪಾನಿನ ನಿಪ್ಪಾನ್ ಸ್ಟೀಲ್ ಕಂಪನಿಗೆ ಆದೇಶಿಸಿದಾಗ ನಾಲ್ವರು ಅರ್ಜಿದಾರರಲ್ಲಿ ಜೀವಂತವಾಗಿದ್ದವರು ಒಬ್ಬರೇ. ಮರುವರ್ಷ ಜಪಾನ್ ಚಿಪ್ ತಯಾರಿಕೆಗೆ ಬೇಕಾದ ರಾಸಾಯನಿಕಗಳ ರಫ್ತನ್ನು ಬಿಗಿಗೊಳಿಸಿತು, ಕೊರಿಯನ್ನರು ಜಪಾನಿ ಬಿಯರ್ ಮತ್ತು ಬಟ್ಟೆಗಳನ್ನು ಬಹಿಷ್ಕರಿಸಿದರು. ಆ ಗದ್ದಲದಲ್ಲಿ ಮುದುಕರ ಮಾತು ಕೇಳಿಸಲೇ ಇಲ್ಲ.

ಆದರೆ ಇದನ್ನು ಜಪಾನೀಯರು ಒಂದು ಕಡೆ, ಕೊರಿಯನ್ನರು ಇನ್ನೊಂದು ಕಡೆ ಎಂದು ಓದುವುದು ಅನ್ಯಾಯ. ಇತಿಹಾಸಕಾರ ಇಎನಾಗಾ ಸಬುರೋ ಪಠ್ಯಪುಸ್ತಕಗಳ ಮೇಲಿನ ಸೆನ್ಸಾರಿನ ವಿರುದ್ಧ 1965ರಿಂದ 1997ರವರೆಗೆ ತಮ್ಮದೇ ಸರ್ಕಾರದೊಡನೆ ವ್ಯಾಜ್ಯ ಹೂಡಿ ಹೋರಾಡಿದರು. ಯಾಮಾಗುಚಿ ಪ್ರಾಂತದ ಉಬೆ ನಗರದ ಕಡಲಲ್ಲಿ ನಡೆದಿರುವುದಂತೂ ನನ್ನ ಮಟ್ಟಿಗೆ ಈ ಇಡೀ ಕಥೆಯ ಅತ್ಯಂತ ಮುಖ್ಯ ಭಾಗ. ಅಲ್ಲಿ ದಡದಿಂದ ನೋಡಿದರೆ ನೀರಿನ ನಡುವೆ ಎರಡು ದಪ್ಪ ಕಾಂಕ್ರೀಟ್ ಕಂಬಗಳು ಕಾಣುತ್ತವೆ. ಅವು ಚೋಸೇ ಕಲ್ಲಿದ್ದಲು ಗಣಿಗೆ ಗಾಳಿಯಾಡಲು ಕಟ್ಟಿದ ಕೊಳವೆಗಳು. 1942ರ ಫೆಬ್ರವರಿ 3ರಂದು ಸಮುದ್ರದ ತಳ ಕುಸಿದು ನೀರು ನುಗ್ಗಿದಾಗ ಒಳಗಿದ್ದ 183 ಮಂದಿ ಸತ್ತರು. ಅವರಲ್ಲಿ 136 ಮಂದಿ ಕೊರಿಯನ್ನರು, 47 ಮಂದಿ ಜಪಾನೀಯರು. ಗಣಿಯ ಬಾಯಿ ಮುಚ್ಚಲಾಯಿತು, ಹೆಣಗಳು ಒಳಗೇ ಉಳಿದವು.

1991ರಲ್ಲಿ ಸ್ಥಳೀಯ ನಾಗರಿಕರು ಒಂದು ಸಂಘ ಕಟ್ಟಿ, ಸತ್ತವರ ವಿವರ ಹುಡುಕಿ, ಕೊರಿಯಾದಲ್ಲಿರುವ ಕುಟುಂಬಗಳನ್ನು ಕರೆಸಿ, 2013ರಲ್ಲಿ ಸ್ಮಾರಕ ನಿಲ್ಲಿಸಿದರು. ಮೂಳೆಗಳು ಎಲ್ಲಿ, ಎಷ್ಟು ಆಳದಲ್ಲಿವೆಯೋ ತಿಳಿಯದು, ಆದ್ದರಿಂದ ಹುಡುಕುವುದು ಕಷ್ಟ ಎಂದು ಸರ್ಕಾರ ಹೇಳುತ್ತಾ ಬಂದಾಗ, ಜನರಿಂದಲೇ ದೇಣಿಗೆ ಎತ್ತಿ 2024ರಲ್ಲಿ ಗಣಿಯ ಬಾಯಿಯನ್ನು ಅಗೆದು ತೆರೆದರು. 2025ರ ಆಗಸ್ಟ್‌ನಲ್ಲಿ ಕೊರಿಯಾದ ಇಬ್ಬರು ಮುಳುಗುತಜ್ಞರು ಆ ಕತ್ತಲೆಯ ನೀರಿಗಿಳಿದು ಮನುಷ್ಯರ ಮೂಳೆಗಳನ್ನು, ಒಂದು ತಲೆಬುರುಡೆಯನ್ನು ಮೇಲೆ ತಂದರು. ಅವು ಕೊರಿಯನ್ನನದೋ ಜಪಾನಿಯದೋ ಎಂಬುದು ಅವರನ್ನು ತಡೆಯಲಿಲ್ಲ.

ಇನ್ನು ಮುಂದಿನದು ಸರ್ಕಾರಗಳ ಕೆಲಸ. ಸತ್ತವರ ಮಕ್ಕಳೇ ಈಗ 80 ದಾಟಿದ್ದಾರೆ. ಅವರ ಡಿಎನ್‌ಎಯೊಡನೆ ಮೂಳೆಗಳನ್ನು ಹೋಲಿಸಿ ನೋಡುವ ಖರ್ಚನ್ನೂ ಉಳಿದವರನ್ನು ಹುಡುಕುವ ಖರ್ಚನ್ನೂ ದೇಣಿಗೆಯ ಡಬ್ಬಿಗೆ ಬಿಡದೆ ಟೋಕಿಯೋ ಮತ್ತು ಸೋಲ್ ಸರ್ಕಾರಗಳೇ ಹೊರಬೇಕು, ಅದೂ ಆ ಮಕ್ಕಳು ಬದುಕಿರುವಾಗಲೇ.