ಡೀಸೆಲ್ ಫಿಲ್ಟರ್ ಬದಲಿಸಿದ ದಿನ

ಭಾನುವಾರ, 9 ಮಾರ್ಚ್ 2025

ಒಂದು ವಾರದಿಂದ ಪಿಕಪ್ ಗಾಡಿ ಏರಿನಲ್ಲಿ ಎಳೆಯುತ್ತಿರಲಿಲ್ಲ. ಖಾಲಿ ಓಡಿಸುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಲೋಡ್ ಹಾಕಿ ಏರು ಹತ್ತಿಸಿದರೆ ಮಾತ್ರ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಉಸಿರು ಕಟ್ಟಿದ ಹಾಗೆ ಮಾಡುತ್ತಿತ್ತು. ನಿನ್ನೆ ಸಂಜೆ ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿನಲ್ಲಿ ನೀರು ಸೇರಿದೆ ಅಂತ ತೋರಿಸುವ ದೀಪವೂ ಹತ್ತಿಕೊಂಡಿತು. ಹೊಸ ಫಿಲ್ಟರ್ ಮೊದಲೇ ತಂದಿಟ್ಟಿದ್ದೆ. ಇವತ್ತು ಬೆಳಿಗ್ಗೆ ನಾನು, ತಮ್ಮ ಸೇರಿ ಬಾನೆಟ್ ಎತ್ತಿದೆವು.

ಬೆಳಿಗ್ಗೆಯೇ ಕೂತಿದ್ದಕ್ಕೆ ಕಾರಣ ಇದೆ. ಇಂಜಿನ್ ತಣ್ಣಗಿರುತ್ತದೆ, ಡೀಸೆಲ್ ಚೆಲ್ಲಿದರೂ ಭಯವಿಲ್ಲ. ಜೊತೆಗೆ ನೀರು ಡೀಸೆಲ್‌ಗಿಂತ ಭಾರ. ಒಂದು ಲೀಟರ್ ಡೀಸೆಲ್ ಸುಮಾರು 830ರಿಂದ 850 ಗ್ರಾಂ, ನೀರು 1000 ಗ್ರಾಂ. ರಾತ್ರಿಯೆಲ್ಲ ಗಾಡಿ ಅಲುಗಾಡದೆ ನಿಂತರೆ ಫಿಲ್ಟರಿನಲ್ಲಿರುವ ನೀರು ತಳಕ್ಕೆ ಇಳಿದಿರುತ್ತದೆ.

ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಜಾಡಿ ಹಿಡಿದೆ. ಮೊದಲು ಬಂದದ್ದು ಮಬ್ಬು ನೀರು. ಆಮೇಲೆ ಡೀಸೆಲ್. ಜಾಡಿಯನ್ನು ಬೆಳಕಿಗೆ ಎತ್ತಿ ಹಿಡಿದರೆ ಕೆಳಗೆ ಒಂದು ಬೆರಳಷ್ಟು ನೀರು, ಮೇಲೆ ಹಳದಿ ಡೀಸೆಲ್, ನಡುವೆ ಗೆರೆ ಎಳೆದ ಹಾಗೆ. ನೀರಿನ ತಳದಲ್ಲಿ ಕಂದು ತುಕ್ಕಿನ ಪುಡಿ ನಿಧಾನವಾಗಿ ಕೂರುತ್ತಿತ್ತು.

“ಅಣ್ಣಾ, ಇದೆಲ್ಲ ಇಂಜೆಕ್ಟರಿಗೆ ಹೋಗಿದ್ರೆ?” ಅಂದ ತಮ್ಮ.

ನನಗೂ ಅದೇ ಯೋಚನೆ. ಇಂಜೆಕ್ಟರ್ ಅಂದರೆ ಇಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಭಾಗ. ಅದರ ತುದಿಯ ತೂತು ಸುಮಾರು 0.1 ಮಿಲಿಮೀಟರ್, ಕೂದಲಿನ ದಪ್ಪ ಅಷ್ಟೇ. ಕಾಮನ್ ರೈಲ್ ಗಾಡಿಗಳಲ್ಲಿ, ಅಂದರೆ ಎಲ್ಲ ಇಂಜೆಕ್ಟರಿಗೂ ಒಂದೇ ಹೈ ಪ್ರೆಶರ್ ಪೈಪಿನಿಂದ ಡೀಸೆಲ್ ಹೋಗುವ ಗಾಡಿಗಳಲ್ಲಿ, 1600 ಬಾರ್, ಕೆಲವದರಲ್ಲಿ 2000 ಬಾರ್ ದಾಟಿದ ಒತ್ತಡದಲ್ಲಿ ಡೀಸೆಲ್ ಅದರೊಳಗಿಂದ ನುಗ್ಗುತ್ತದೆ. ಹೈ ಪ್ರೆಶರ್ ಪಂಪಿನ ಒಳಭಾಗಗಳು ಸವೆಯದಂತೆ ನೋಡಿಕೊಳ್ಳುವುದೂ ಡೀಸೆಲ್ಲಿನ ಜಿಡ್ಡೇ. ನೀರಿಗೆ ಆ ಜಿಡ್ಡು ಎಲ್ಲಿದೆ? ಇಂಜೆಕ್ಟರ್, ಪಂಪ್ ಎರಡನ್ನೂ ಕಾಯುವುದು ಈ ಫಿಲ್ಟರ್ ಡಬ್ಬಿಯೊಳಗಿನ ಮಡಚಿದ ಕಾಗದ. ನನಗೆ ಈ ಕೆಲಸ ಬೇರೆಯವರ ಕೈಗೆ ಕೊಡಲು ಮನಸ್ಸಾಗದೇ ಇರುವುದು ಇದಕ್ಕೇ.

ಬಿಚ್ಚುವ ಮೊದಲು ಫಿಲ್ಟರ್ ಸುತ್ತಲಿನ ಧೂಳನ್ನು ಚೆನ್ನಾಗಿ ಒರೆಸಿದೆವು. ನೂಲು ಬಿಡುವ ಬಟ್ಟೆ ಬೇಡ, ಒಂದು ಎಳೆ ಒಳಗೆ ಹೋದರೂ ತೊಂದರೆ. ಕೆಳಗಿದ್ದ, ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಮೇಲೆ ಪ್ಲಾಸ್ಟಿಕ್ ಹೊದಿಸಿದೆವು. ಫಿಲ್ಟರ್ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಬೆಲ್ಟ್ ರೆಂಚ್ ಹಾಕಿ ತಿರುಗಿಸಿದ ಮೇಲೆ ಬಿಟ್ಟಿತು.

ಫಿಲ್ಟರ್ ಕೈಗೆ ಬಂತು, ಆದರೆ ಅದರ ರಬ್ಬರ್ ರಿಂಗ್ ಬರಲಿಲ್ಲ. ಮೇಲೆ ಫಿಲ್ಟರ್ ಕೂರುವ ಹೌಸಿಂಗಿಗೇ ಅಂಟಿಕೊಂಡಿತ್ತು. ಕಪ್ಪು ಲೋಹದ ಮೇಲೆ ಕಪ್ಪು ರಬ್ಬರ್, ಕಣ್ಣಿಗೆ ಕಾಣುವುದೇ ಇಲ್ಲ. ಬೆರಳಾಡಿಸಿದಾಗ ಗೊತ್ತಾಯಿತು. ಅದರ ಮೇಲೆಯೇ ಹೊಸದನ್ನು ಕೂರಿಸಿದ್ದರೆ ರಿಂಗ್ ಮೇಲೆ ರಿಂಗ್ ಆಗಿ ಗಾಳಿ ಎಳೆಯುತ್ತಿತ್ತು. ಕಾರಣ ಹುಡುಕುವುದರಲ್ಲೇ ದಿನ ಕಳೆಯುತ್ತಿತ್ತು. ಉಗುರಿನಿಂದ ಎಬ್ಬಿಸಿ ತೆಗೆದೆ.

ನೀರಿನ ಸೆನ್ಸರನ್ನು ಹೊಸ ಓ-ರಿಂಗ್ ಹಾಕಿ ಹೊಸ ಫಿಲ್ಟರಿಗೆ ವರ್ಗಾಯಿಸಿದೆ. ರಬ್ಬರಿಗೆ ಸ್ವಲ್ಪ ಡೀಸೆಲ್ ಸವರಿ ಕೈಯಿಂದಲೇ ತಿರುಗಿಸಿದೆ. ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು. ನಮ್ಮ ಫಿಲ್ಟರ್ ಮೇಲೆ ಹಾಗೇ ಬರೆದಿತ್ತು. ಸ್ಟಾರ್ಟ್ ಬೇಗ ಆಗಲಿ ಅಂತ ಹೊಸ ಫಿಲ್ಟರಿಗೆ ಡೀಸೆಲ್ ಸುರಿದು ಕೂರಿಸುವವರು ಇದ್ದಾರೆ. ನಾನು ಸುರಿಯಲಿಲ್ಲ. ನಡುವಿನ ದೊಡ್ಡ ತೂತು ಸೋಸಿದ ಡೀಸೆಲ್ ಹೊರಗೆ ಹೋಗುವ ದಾರಿ. ಅಲ್ಲಿ ಸುರಿದದ್ದು ಸೋಸದೇ ನೇರ ಪಂಪಿಗೆ ಹೋಗುತ್ತದೆ ಅಲ್ವಾ?

ಅದರ ಬದಲು, ಖಾಲಿ ಫಿಲ್ಟರಿನ ಗಾಳಿ ಹೊರಗೆ ಹಾಕಿ ಡೀಸೆಲ್ ತುಂಬಿಸಲು ಹ್ಯಾಂಡ್ ಪಂಪ್ ಒತ್ತಿದೆ. ಏರ್ ಸ್ಕ್ರೂ ಸಡಿಲಿಸಿ ಒತ್ತುತ್ತಾ ಹೋದರೆ ಮೊದಲು ಬರೀ ಗಾಳಿ, ಆಮೇಲೆ ಬಿಳಿ ನೊರೆ, ಆಮೇಲೆ ಗುಳ್ಳೆಗಳ ನಡುವೆ ಡೀಸೆಲ್. ಹೆಬ್ಬೆರಳು ನೋಯುತ್ತಿತ್ತು. ಗುಳ್ಳೆ ಪೂರ್ತಿ ನಿಂತು ಡೀಸೆಲ್ ಒಂದೇ ಸಮ ಹರಿದ ಮೇಲೆ ಸ್ಕ್ರೂ ಬಿಗಿ ಮಾಡಿದೆ. ಪಂಪ್ ಕಲ್ಲಿನಂತೆ ಗಟ್ಟಿಯಾಯಿತು. ಏರ್ ಹೋಗಿದೆ ಅನ್ನುವುದಕ್ಕೆ ಅದೇ ಗುರುತು.

ತಮ್ಮ ಸೆಲ್ಫ್ ಹೊಡೆದ. ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರಬೇಡ, ಮಧ್ಯೆ ಒಂದು ನಿಮಿಷ ಬಿಡು ಅಂದಿದ್ದೆ. ಎರಡನೇ ಸಲಕ್ಕೆ ಇಂಜಿನ್ ಹಿಡಿಯಿತು. ಸ್ವಲ್ಪ ನಡುಗಿತು, ಆಮೇಲೆ ಸಮವಾಯಿತು. ಹಿಡಿಯದಿದ್ದರೆ ಮತ್ತೆ ಹ್ಯಾಂಡ್ ಪಂಪೇ. ಹಳೆ ಡೀಸೆಲ್ ಗಾಡಿಗಳಲ್ಲಿ ಮಾಡುತ್ತಿದ್ದ ಹಾಗೆ ಇಂಜೆಕ್ಟರ್ ಪೈಪ್ ನಟ್ ಸಡಿಲಿಸಿ ಏರ್ ತೆಗೆಯಲು ಕಾಮನ್ ರೈಲಿನಲ್ಲಿ ಹೋಗಲೇಬಾರದು. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಹತ್ತು ನಿಮಿಷ ಓಡಿಸಿ ಫಿಲ್ಟರ್ ಸುತ್ತ ಒಣಗಿದ ಬಟ್ಟೆ ಒತ್ತಿ ನೋಡಿದೆ. ಹಸಿ ಇರಲಿಲ್ಲ. ದೀಪವೂ ಆರಿದೆ. ಫಿಲ್ಟರ್ ಮೇಲೆ ತಮ್ಮ ಮಾರ್ಕರ್‌ನಿಂದ ತಾರೀಕು, ಕಿಲೋಮೀಟರ್ ಬರೆದ.

ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ. ಅದರ ರಬ್ಬರ್ ಒಂದು ಕಡೆ ಸೀಳಿದೆ. ನೀರು ಇಲ್ಲಿಂದಲೇ ಇಳಿದಿರಬೇಕು. ನಾಳೆ ಮೊದಲು ಹೊಸ ಮುಚ್ಚಳ ತರಬೇಕು.