ನೋಟೀಸಿಗೆ 30 ದಿನ, ನನಗೆ ಒಂದು ರಾತ್ರಿ

ರಾತ್ರಿ ಒಂಬತ್ತೂವರೆ. ಅನ್ನಕ್ಕೆ ಸಾರು ಹಾಕಿಕೊಂಡು ಕೂತಿದ್ದೆ, ಫೋನ್ ಬಂತು.

"ಮೇಡಂ, ನಾಳೆ ಹನ್ನೊಂದಕ್ಕೆ ರಿಜಿಸ್ಟರ್ ಮದುವೆ ಇದೆ. ಫೋಟೊ ತೆಗೆಯೋಕೆ ಬರ್ತೀರಾ? ಅರ್ಧ ಗಂಟೆ ಕೆಲಸ ಅಷ್ಟೆ."

ಹುಡುಗಿಯ ದನಿ. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಅನ್ನುವ ಹಾಗೆ ಮೆಲ್ಲಗೆ ಮಾತಾಡುತ್ತಿದ್ದಳು.

ಮೈಸೂರಿನಲ್ಲಿ ನನ್ನದೊಂದು ಪುಟ್ಟ ಸ್ಟುಡಿಯೊ. ಪಾಸ್‌ಪೋರ್ಟ್ ಸೈಜ್ ಫೋಟೊ, ನಾಮಕರಣ, ಶಾಲೆಯ ಗ್ರೂಪ್ ಫೋಟೊ, ಇವುಗಳಿಂದಲೇ ಬದುಕು. ಛತ್ರದ ಮದುವೆಗಾದರೆ ಆರು ತಿಂಗಳ ಮೊದಲೇ ಅಡ್ವಾನ್ಸ್ ಕೊಡುತ್ತಾರೆ. ಜನ ಕೋರ್ಟ್ ಮ್ಯಾರೇಜ್ ಅನ್ನುವ ಈ ಮದುವೆಗಳ ಫೋನ್ ಮಾತ್ರ ಹಿಂದಿನ ರಾತ್ರಿಯೇ ಬರುವುದು. ಅಂದ ಹಾಗೆ ಇದಕ್ಕೂ ಕೋರ್ಟಿಗೂ ಸಂಬಂಧವಿಲ್ಲ. ನಡೆಯುವುದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ, ಸೈಟು ಜಮೀನು ರಿಜಿಸ್ಟರ್ ಆಗುವ ಅದೇ ಹಾಲಿನಲ್ಲಿ.

"ಯಾವ ಆಕ್ಟಮ್ಮಾ?" ಅಂತ ಕೇಳಿದೆ. ಫೋಟೊದವಳಿಗೆ ಅದೆಲ್ಲ ಯಾಕೆ ಅನ್ನಿಸಬಹುದು. 1955ರ ಹಿಂದೂ ವಿವಾಹ ಕಾಯ್ದೆ ಆದರೆ ಮದುವೆ ಬೇರೆ ಕಡೆ ಮುಗಿದಿರುತ್ತದೆ, ಆಫೀಸಿನಲ್ಲಿ ಆಗುವುದು ನೋಂದಣಿ ಅಷ್ಟೆ. ಅರ್ಜಿ ಜೊತೆ ಮದುವೆಯ ಫೋಟೊ ಕೇಳುತ್ತಾರೆ. ಹಾಗಾಗಿ ಎಷ್ಟೋ ಸಲ ಗುಡಿ ಮೆಟ್ಟಿಲ ಮೇಲೆ ಹಾರ ಹಾಕಿಸಿ, ಒಂದೇ ಗಂಟೆಯಲ್ಲಿ ಪ್ರಿಂಟ್ ತೆಗೆದುಕೊಟ್ಟು ಜೋಡಿಯನ್ನು ಓಡಿಸಿದ್ದೇನೆ. 1954ರ ವಿಶೇಷ ವಿವಾಹ ಕಾಯ್ದೆ ಆದರೆ ಮದುವೆ ನಡೆಯುವುದೇ ಅಧಿಕಾರಿಯ ಮುಂದೆ. ಹುಡುಗ ಹುಡುಗಿ ಬೇರೆ ಬೇರೆ ಧರ್ಮದವರಾಗಿದ್ದು, ಯಾರೂ ಮತ ಬದಲಾಯಿಸದೆ ಮದುವೆಯಾಗಬೇಕೆಂದರೆ ಸಾಮಾನ್ಯವಾಗಿ ಇದೇ ದಾರಿ. ಮೊದಲು ನೋಟೀಸ್ ಕೊಡಬೇಕು. ಅದನ್ನು ಆಫೀಸಿನಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುವ ಹಾಗೆ ಅಂಟಿಸುತ್ತಾರೆ. ತಕರಾರು ಹೇಳುವವರಿಗೆ 30 ದಿನ ಅವಕಾಶ. ನೋಟೀಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿಂದ ಶುರು.

"ಸ್ಪೆಷಲ್ ಮ್ಯಾರೇಜ್" ಅಂದಳು.

ಅಂದರೆ ಗೋಡೆಗೆ ತಿಂಗಳ ಹಿಂದೆಯೇ ಗೊತ್ತಿತ್ತು, ನನಗೆ ಈಗ. ಬೇಜಾರೇನಿಲ್ಲ. ಮೊದಲೇ ಹೇಳಿದರೆ ಎಲ್ಲಿ ಬಾಯಿ ಬಿಡುತ್ತಾಳೋ ಅನ್ನುವ ಭಯ ಅವರಿಗೆ.

ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ಹೋಗಿ ಎರಡು ಹಾರ, ಎರಡು ಮೊಳ ಮಲ್ಲಿಗೆ ತಗೊಂಡೆ. ಇದನ್ನು ಯಾರೂ ಹೇಳಿರುವುದಿಲ್ಲ, ನಾನೇ ತರುತ್ತೇನೆ. ಆಧಾರ್ ಕಾರ್ಡು, ಅದರ ಜೆರಾಕ್ಸು ಅಂತ ಓಡಾಡುವವರಿಗೆ ಹೂವಿನ ನೆನಪು ಎಲ್ಲಿ ಬರಬೇಕು? ಬ್ಯಾಗಿನಲ್ಲಿ ಒಂದು ಕ್ಯಾಮೆರಾ, 35 ಎಂಎಂ ಲೆನ್ಸು, ಸೇಫ್ಟಿ ಪಿನ್ನಿನ ಡಬ್ಬಿ. ಲೆನ್ಸ್ ಮರೆತರೂ ಹೇಗೋ ಆದೀತು, ಪಿನ್ನು ಬೇಕೇ ಬೇಕು. ಮನೆಯವರಿಲ್ಲದೆ ಬರುವ ಹುಡುಗಿಗೆ ನೆರಿಗೆ ಹಿಡಿದುಕೊಡುವವರು ಯಾರು? ಅವತ್ತೂ ಹಾಗೇ ಆಯಿತು. ಆಫೀಸಿನ ಹಿಂದೆ, ಯಾರದೋ ಕಾರಿನ ಮರೆಯಲ್ಲಿ ಸೆರಗಿಗೆ ಪಿನ್ನು ಚುಚ್ಚಿ ಹೂ ಮುಡಿಸಿದೆ.

"ಅಕ್ಕ, ಕೈ ನಡುಗ್ತಿದೆ" ಅಂದಳು. ರಾತ್ರಿಯ ಮೇಡಂ ಅಷ್ಟರಲ್ಲಿ ಅಕ್ಕ ಆಗಿದ್ದೆ.

ಒಳಗೆ ಬೆಳಕು ಅಂದರೆ ಹಳೇ ಟ್ಯೂಬ್‌ಲೈಟು. ಮುಖವೆಲ್ಲ ಹಸಿರು ತಿರುಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅಂಥ ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಶಟರ್ ವೇಗ ಜಾಸ್ತಿ ಮಾಡಿದರೆ ಫೋಟೊ ತುಂಬ ಅಡ್ಡ ಪಟ್ಟಿಗಳು. ಅದಕ್ಕೆ 1/100 ದಾಟುವುದಿಲ್ಲ. ಫ್ಲ್ಯಾಶನ್ನೂ ಹಾಕುವುದಿಲ್ಲ. ಒಮ್ಮೆ ಹಾಕಿ ಬೈಸಿಕೊಂಡಿದ್ದೇನೆ. ಬೈದದ್ದು ಸರಿಯೇ, ಪಕ್ಕದ ಕೌಂಟರಿನಲ್ಲಿ ಅಣ್ಣತಮ್ಮಂದಿರು ಆಸ್ತಿ ಭಾಗ ಮಾಡಿಕೊಳ್ಳುತ್ತಿದ್ದರು.

ಸರ್ವರ್ ಡೌನ್. ಹನ್ನೊಂದು ಅಂದದ್ದು ಒಂದೂವರೆ ಆಯಿತು. ಅಷ್ಟರಲ್ಲಿ ಇನ್ನೊಂದು ಫಜೀತಿ. ಈ ಮದುವೆಗೆ ಮೂರು ಜನ ಸಾಕ್ಷಿ ಬೇಕು. ಹುಡುಗಿಯ ಜೊತೆ ಕೆಲಸ ಮಾಡುವ ನರ್ಸ್ ಒಬ್ಬಳು, ಹುಡುಗನ ರೂಮ್‌ಮೇಟ್ ಒಬ್ಬ ಬಂದಿದ್ದರು. ಮೂರನೆಯವನ ಫೋನ್ ಸ್ವಿಚ್ ಆಫ್. ಹುಡುಗ ಹೊರಗೆ ಹೋಗುತ್ತಾನೆ, ಬರುತ್ತಾನೆ, ಮತ್ತೆ ಹೋಗುತ್ತಾನೆ. ಕಾಗದ ಪತ್ರ ನೋಡಿಕೊಳ್ಳುತ್ತಿದ್ದ ಪತ್ರ ಬರಹಗಾರರು ಕನ್ನಡಕದ ಮೇಲಿಂದ ನನ್ನ ಕಡೆ ನೋಡಿದರು.

"ಮೇಡಂ, ನಿಮ್ಮ ಆಧಾರ್ ಇದೆಯಾ?"

ಹಿಂದೆ ಮುಂದೆ ನೋಡಿದೆ, ಸುಳ್ಳು ಯಾಕೆ ಹೇಳಲಿ. ಫೋಟೊದವಳು ಅಂದರೆ ಬಂದಳು, ತೆಗೆದಳು, ಹೋದಳು. ಸಾಕ್ಷಿ ಅಂದರೆ ಹೆಸರು, ವಿಳಾಸ, ಸಹಿ ಎಲ್ಲ ಬೀಳುತ್ತದೆ. ನಾಳೆ ಇವಳ ಅಪ್ಪ ಸ್ಟುಡಿಯೊ ಬಾಗಿಲಿಗೆ ಬಂದರೆ? ನನ್ನ ಗಂಡನಿಗೆ ಏನು ಹೇಳಲಿ? ಹುಡುಗಿ ನನ್ನನ್ನು ಕೇಳಲೂ ಇಲ್ಲ. ನೆಲ ನೋಡುತ್ತ ನಿಂತಿದ್ದಳು. ಭುಜದ ಮೇಲೆ ನಾನು ಚುಚ್ಚಿದ ಪಿನ್ನು ಹೊಳೆಯುತ್ತಿತ್ತು, ಸರಿಯಾಗಿ ಮರೆಮಾಡಿರಲಿಲ್ಲ. ಪರ್ಸಿನಿಂದ ಕಾರ್ಡ್ ತೆಗೆದುಕೊಟ್ಟೆ.

ಈ ಕಾಯ್ದೆಯಲ್ಲಿ ತಾಳಿ ಕಟ್ಟಲೇಬೇಕು ಅಂತಿಲ್ಲ, ವಾಲಗ ಬೇಕಿಲ್ಲ. ಒಂದು ಮಾತು ಮಾತ್ರ ಬೇಕು. ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಬೇಕು. ಇಬ್ಬರಿಗೂ ತಿಳಿಯುವ ಯಾವ ಭಾಷೆಯಾದರೂ ಸರಿ. ಹುಡುಗ ಕನ್ನಡದಲ್ಲಿ ಓದಿದ. "ನಿನ್ನನ್ನು ನನ್ನ ಕಾನೂನುಬದ್ಧ..." ಅಲ್ಲಿಗೆ ನಾಲಿಗೆ ತೊಡರಿತು. ಮತ್ತೆ ಹೇಳಿದ, ಮತ್ತೆ ತೊಡರಿತು. ಅವಳಿಗೆ ನಗು ತಡೆಯಲಾಗಲಿಲ್ಲ. ಬೆಳಿಗ್ಗೆಯಿಂದ ಅದೇ ಮೊದಲ ನಗು. ಅಧಿಕಾರಿಯೂ ನಕ್ಕರು. ಆ ಫೋಟೊ ನನಗೆ ಸಿಕ್ಕಿತು, ಸ್ವಲ್ಪ ಅಲುಗಾಡಿದೆ, ಇರಲಿ.

ಸಹಿ ಮಾಡುವಾಗಿನ ಫೋಟೊ ಮಾತ್ರ ನಾನು ತೆಗೆದದ್ದಲ್ಲ. ನಾನೇ ಸಾಲಿನಲ್ಲಿ ನಿಂತಿದ್ದೆನಲ್ಲ, ಕ್ಯಾಮೆರಾವನ್ನು ಜೆರಾಕ್ಸ್ ಅಂಗಡಿ ಹುಡುಗನ ಕೈಗೆ ಕೊಟ್ಟಿದ್ದೆ. ಪುಣ್ಯಾತ್ಮ ಹನ್ನೊಂದು ಸಲ ಒತ್ತಿದ್ದಾನೆ. ಎಂಟರಲ್ಲಿ ಹಿಂದಿನ ಗೋಡೆಯ ಕ್ಯಾಲೆಂಡರ್ ಬಹಳ ಸ್ಪಷ್ಟವಾಗಿ ಬಂದಿದೆ. ಆಮೇಲೆ ಆಪರೇಟರು ಟೇಪು ಸುತ್ತಿದ ವೆಬ್‌ಕ್ಯಾಮ್ ತಿರುಗಿಸಿ "ಇಲ್ಲಿ ನೋಡಿ" ಅಂದರು. ನಾನು ಎಷ್ಟೇ ಸಾವಿರದ ಲೆನ್ಸ್ ಹೊತ್ತು ಬಂದರೂ ದಾಖಲೆಗೆ ಹೋಗುವುದು ಆ ಫೋಟೊ. ಅದರಲ್ಲಿ ನಾನು ಕಣ್ಣು ಮುಚ್ಚಿದ್ದೇನೆ.

ಹೊರಗೆ ಹೊಂಗೆ ಮರದ ಕೆಳಗೆ ಹಾರ ಬದಲಾಯಿಸಿದರು. ಬಿಸಿಲಿಗೆ ಹೂವು ಬಾಡಿತ್ತು. ರೂಮ್‌ಮೇಟ್ ಪೇಡಾ ಹಂಚಿದ. ಹುಡುಗ ಮೂರು ಸಾವಿರ ಎಣಿಸಿ ಕೊಟ್ಟ, ತಗೊಂಡೆ. ಸಾಕ್ಷಿ ಬಿಟ್ಟಿ, ಫೋಟೊಗೆ ದುಡ್ಡು.

"ಎಲ್ಲೂ ಹಾಕಬೇಡಿ ಅಕ್ಕ" ಅಂದಳು ಹುಡುಗಿ. ಇದನ್ನು ಎಲ್ಲರೂ ಹೇಳುತ್ತಾರೆ. ನನ್ನ ಸ್ಟುಡಿಯೊದ ಇನ್‌ಸ್ಟಾಗ್ರಾಮ್ ತೆರೆದರೆ ನಾನು ರಿಜಿಸ್ಟರ್ ಮದುವೆಗೆ ಹೋಗಿಯೇ ಇಲ್ಲ ಅನ್ನಿಸಬೇಕು, ಹಾಗಿದೆ.

ಸ್ಕೂಟರ್ ಹತ್ತಿರ ಹೋಗುವಾಗ ಮತ್ತೆ ಕರೆದಳು. "ಇನ್ನೊಂದು ಫೋಟೊ ಬೇಕಿತ್ತು." ನೋಟೀಸ್ ಬೋರ್ಡ್ ಮುಂದೆ ಕರೆದುಕೊಂಡು ಹೋದಳು.

"ಡ್ಯೂಟಿಗೆ ಹೋಗೋವಾಗ ಇಲ್ಲಿ ಬಂದು ನೋಡ್ಕೊಂಡು ಹೋಗ್ತಿದ್ದೆ ಅಕ್ಕ. ಯಾರಾದ್ರೂ ಇದರ ಮುಂದೆ ಮೊಬೈಲ್ ಎತ್ತಿದ್ರೆ ಸಾಕು, ಎದೆ ಧಸಕ್ ಅನ್ನೋದು. ಒಂದು ಫೋಟೊ ತೆಗೆದು ನಮ್ಮೂರಿನ ಗ್ರೂಪಿಗೆ ಹಾಕಿಬಿಟ್ರೆ ಮುಗೀತಲ್ವಾ."

ಅವರ ನೋಟೀಸಿನ ಮೇಲೆ ಅರ್ಧ ಮುಚ್ಚುವ ಹಾಗೆ ಇನ್ಯಾರದೋ ಹಾಳೆ ಅಂಟಿಸಿದ್ದರು. ಅವಳು ಅದರ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಕೆಳಗೆ ಇಬ್ಬರ ಹೆಸರು ಕಂಡಿತು.

"ಕೈನೂ ಬರಲಿ ಅಕ್ಕ" ಅಂದಳು.